ಊರಿಲ್ಲದ ಲಾಂಚರ್

"ಮಾವ, ಇದ್ರಲ್ಲಿ ನಮ್ಮೂರು ಎಲ್ಲೈತೆ?"

ದಸರಾ ರಜೆಗೆ ಪಾಂಡವಪುರದ ಅಕ್ಕನ ಮನೆಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಅಳಿಯ ನನ್ನ ಲ್ಯಾಪ್‌ಟಾಪ್ ಮುಂದೆ ಕೂತು ಕೇಳಿದ ಪ್ರಶ್ನೆ ಇದು. ಪರದೆ ಮೇಲಿದ್ದದ್ದು ಫ್ಲೈಟ್‌ಗೇರ್ ಅನ್ನೋ ಓಪನ್ ಸೋರ್ಸ್ ಫ್ಲೈಟ್ ಸಿಮ್ಯುಲೇಟರಿನ ಲಾಂಚರ್. ಹುಡುಕುವ ಡಬ್ಬಿಯಲ್ಲಿ ಪಾಂಡವಪುರ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ದ, ಏನೂ ಬಂದಿರಲಿಲ್ಲ. ಶ್ರೀರಂಗಪಟ್ಟಣ ಹಾಕಿದ, ಇಲ್ಲ. ಕೆ.ಆರ್.ಪೇಟೆ ಹಾಕಿದ, ಇಲ್ಲ. ನಾಗಮಂಗಲವೂ ಇಲ್ಲ. "ಏರ್‌ಪೋರ್ಟ್ ಇರೋ ಊರು ಮಾತ್ರ ಬತ್ತದೆ ಕಣೋ" ಅಂದೆ. "ಹಂಗಾದ್ರೆ ಇದ್ಯಾಕೆ ಇಡೀ ಪ್ರಪಂಚ ಐತೆ ಅಂತ ಬರ್ಕೊಂಡವ್ರೆ?" ಅಂದ.

ಹತ್ತು ವರ್ಷದಿಂದ ಸಾಫ್ಟ್‌ವೇರ್ ಬರೆದು ಊಟ ಮಾಡ್ತಿರೋ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ ಅನ್ನಿ, ಇಲ್ಲ ಒಂದು ಲಾಂಚರಿನ ವಿಮರ್ಶೆ ಅನ್ನಿ. ಸಿನಿಮಾಕ್ಕೆ, ಕಾದಂಬರಿಗೆ ವಿಮರ್ಶೆ ಬರೀತೀವಿ. ದಿನಕ್ಕೆ ಹತ್ತು ಗಂಟೆ ನಾವು ಕಣ್ಣಿಟ್ಟು ನೋಡೋ ಪರದೆಗಳಿಗೆ ಯಾರೂ ಬರೆಯಲ್ಲ. ಪ್ಲೇ ಸ್ಟೋರಲ್ಲಿ ಮೂರು ಸ್ಟಾರ್ ಕೊಟ್ಟು ಸುಮ್ಮನಾಗ್ತೀವಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎಲ್ಲರೂ ಸೇರಿ ಒಂದು ಸಿಮ್ಯುಲೇಟರ್ ಕಟ್ಟೋಣ ಅಂತ ಡೇವಿಡ್ ಮರ್ ಅನ್ನೋರು 1996ರಲ್ಲಿ ಪ್ರಸ್ತಾಪ ಇಟ್ಟರು. ಕರ್ಟಿಸ್ ಓಲ್ಸನ್ ಮತ್ತಿತರರು ಅದನ್ನು ಕೈಗೆತ್ತಿಕೊಂಡು 1997ರಿಂದ ಕಟ್ಟುತ್ತಾ ಬಂದರು. ಕೋಡ್ ಜಿಪಿಎಲ್ ಲೈಸೆನ್ಸಿನದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಸಂಬಳಕ್ಕಲ್ಲದೆ ಬಿಡುವಿನ ವೇಳೆಯಲ್ಲಿ ಜನ ಕಟ್ಟಿದ್ದು. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಸ್ವಲ್ಪ ಖಾರವಾಗಿ ಮಾತಾಡ್ತೀನಿ.

ಇದರ ಒಳಗಿರೋ ಅಸಲಿ ಪ್ರೋಗ್ರಾಂ ಹೆಸರು ಎಫ್‌ಜಿಎಫ್‌ಎಸ್. ಅದಕ್ಕೆ ಬೇಕಾದ್ದೆಲ್ಲ ಕಮಾಂಡ್ ಲೈನಲ್ಲಿ ಹೇಳಬೇಕು. ಯಾವ ವಿಮಾನ, ಯಾವ ನಿಲ್ದಾಣ, ಹಗಲೋ ರಾತ್ರಿಯೋ, ಡೇಟಾ ಯಾವ ಫೋಲ್ಡರಲ್ಲಿದೆ, ಪ್ರತಿಯೊಂದಕ್ಕೂ ಎರಡೆರಡು ಡ್ಯಾಶ್ ಹಾಕಿ ಒಂದೊಂದು ಆಪ್ಷನ್. ಇಂಥವು ನೂರಾರಿವೆ. ಲಾಂಚರಿನ ಕೆಲಸ ಇಷ್ಟೇ: ನಮ್ಮಿಂದ ಕೇಳಿ ತಿಳ್ಕೊಂಡು ಆ ಉದ್ದದ ಸಾಲನ್ನು ನಮ್ಮ ಪರವಾಗಿ ಬರೆದುಕೊಡೋದು.

ತಾಲ್ಲೂಕು ಕಚೇರಿ ಮುಂದೆ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡೋರನ್ನ ನೀವು ನೋಡಿರಬೇಕು. ನಮ್ಮಪ್ಪ ಪಹಣಿ ತಿದ್ದುಪಡಿಗೆ ಅಂತ ಎಷ್ಟು ಸಲ ಅವರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೋ ಲೆಕ್ಕ ಇಲ್ಲ. ಕಚೇರಿಗೆ ಅದರದೇ ಒಂದು ಭಾಷೆ ಇದೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರುವಾಗದ ಕಾಗದ ಅಲ್ಲಿ ಕಾಗದವೇ ಅಲ್ಲ. ಅಪ್ಪ ಹೇಳಿದ್ದು "ಅಣ್ತಮ್ಮಂದ್ರು ಭಾಗ ಆಗೈತೆ, ನನ್ ಹೆಸ್ರು ಬಿಟ್ಟೋಗೈತೆ" ಅಂತ. ಬರೆಯೋರು ಬರೆದದ್ದು ಇಡೀ ಪುಟ. ಆ ಪುಟದಲ್ಲಿ ಏನಿದೆ ಅಂತ ಓದಿ ಹೇಳಿದವನು ಒಳ್ಳೆ ಬರಹಗಾರ. ಸಹಿ ಹಾಕಿಸ್ಕೊಂಡು ಮಡಚಿ ಕೈಗೆ ಕೊಟ್ಟವನು ಇನ್ನೊಂಥರದವನು. ಲಾಂಚರುಗಳನ್ನೂ ನಾನು ಹೀಗೇ ಅಳೆಯೋದು.

ನಾನು ಮೊದಲು ನೋಡಿದ್ದು ಎಫ್‌ಜಿರನ್. ಬಿಇ ಓದುವಾಗ, ಹಾಸ್ಟೆಲಲ್ಲಿ, ಸೀನಿಯರ್ ಒಬ್ಬರು ತಂದುಕೊಟ್ಟ ಡಿವಿಡಿಯಿಂದ. ಎಫ್‌ಎಲ್‌ಟಿಕೆ ಲೈಬ್ರರಿಯಲ್ಲಿ ಮಾಡಿದ, ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತಾ ಹೋಗೋ ವಿಝರ್ಡ್ ಅದು. ಮೊದಲ ಪುಟದಲ್ಲೇ ಕೇಳುತ್ತಿತ್ತು: ಪ್ರೋಗ್ರಾಂ ಎಲ್ಲಿದೆ? ಡೇಟಾದ ಬೇರು ಫೋಲ್ಡರ್ ಯಾವುದು? ಸೀನರಿ ಎಲ್ಲಿದೆ? ಹಾರೋಕೆ ಬಂದವನ ಹತ್ತಿರ ಮೊದಲು ಸರ್ವೆ ನಂಬರ್, ಹಿಸ್ಸಾ ನಂಬರ್ ಕೇಳಿದ ಹಾಗೆ. ಹೇಗೋ ದಾಟಿಕೊಂಡು ಹೋಗಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಆರಿಸಿ ಒತ್ತಿದೆ. ಕಂಡದ್ದು ನೀರು. ನಾಲ್ಕೂ ದಿಕ್ಕಿಗೂ ನೀಲಿ ಸಮುದ್ರ, ಅದರ ಮೇಲೆ ನನ್ನ ಸೆಸ್ನಾ.

ಆಗಿದ್ದಿಷ್ಟು. ಮೂಲ ಪ್ಯಾಕೇಜಿನ ಜೊತೆ ಬರುತ್ತಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ನೆಲ ಮಾತ್ರ. ಬೇರೆ ಕಡೆಯದನ್ನು ಹತ್ತು ಡಿಗ್ರಿ ಉದ್ದ, ಹತ್ತು ಡಿಗ್ರಿ ಅಗಲದ ತುಂಡುಗಳಾಗಿ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕಿತ್ತು. ಇಳಿಸಿಕೊಳ್ಳದ ಜಾಗವನ್ನು ಫ್ಲೈಟ್‌ಗೇರ್ ಸಮುದ್ರ ಅಂತ ತಿಳ್ಕೊಳ್ಳುತ್ತೆ. ಡೇಟಾ ಇಲ್ಲ ಅನ್ನೋದಕ್ಕೂ ನೆಲ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇಲ್ಲ. ತಾಂತ್ರಿಕವಾಗಿ ಇದು ಸರಿಯಾದ ನಿರ್ಧಾರವೇ, ಭೂಮಿಯ ಮುಕ್ಕಾಲು ಭಾಗ ನೀರಲ್ಲವೇ. ಆದರೆ ಲಾಂಚರ್ ಒಂದು ಮಾತು ಹೇಳಬಹುದಿತ್ತು, "ಈ ಜಾಗದ ನೆಲ ನಿನ್ನ ಹತ್ತಿರ ಇಲ್ಲ" ಅಂತ. ಹೇಳಲಿಲ್ಲ. ಅರ್ಜಿ ಮಡಚಿ ಕೈಗೆ ಕೊಟ್ಟಿತು. ನಾನು ನನ್ನ ಕಂಪ್ಯೂಟರೇ ಕೆಟ್ಟಿದೆ ಅಂದ್ಕೊಂಡೆ. ಹಳ್ಳಿಯಿಂದ ಬಂದವರಿಗೆ ಇದೊಂದು ರೋಗ, ಯಂತ್ರ ತಪ್ಪಿದರೂ ತಪ್ಪು ನಮ್ಮದೇ ಅನ್ಸುತ್ತೆ.

ಆಮೇಲೆ ಪೈಥಾನಲ್ಲಿ ಬರೆದ ಎಫ್‌ಜಿಗೋ ಬಂತು, ಅದರಿಂದ ಕವಲೊಡೆದ ಎಫ್‌ಎಫ್‌ಗೋ ಬಂತು. ನೋಡೋಕೆ ಚೆಂದವೇನಿಲ್ಲ. ವಿಮಾನಗಳದೊಂದು ಪಟ್ಟಿ, ನಿಲ್ದಾಣಗಳದೊಂದು ಪಟ್ಟಿ, ಕೆಳಗೆ ಆಪ್ಷನ್‌ಗಳನ್ನು ನೀವೇ ಬರೆಯೋಕೆ ಒಂದು ಡಬ್ಬಿ. ಆದರೆ ಒಳಗೆ ಯಾವ ಸಾಲು ಹೋಗುತ್ತೆ ಅಂತ ಅದು ಮುಚ್ಚಿಡಲ್ಲ. ನನ್ನ ಲೆಕ್ಕದಲ್ಲಿ ಇದು ಓದಿ ಹೇಳೋ ಬರಹಗಾರ. ಹತ್ತು ಸಲ ಓದಿಸಿಕೊಂಡ ಮೇಲೆ ಹನ್ನೊಂದನೇ ಅರ್ಜಿ ನಾವೇ ಬರೀಬಹುದು.

ಈಗಿನದು, ಅಳಿಯ ನೋಡ್ತಿದ್ದದ್ದು, ಫ್ಲೈಟ್‌ಗೇರಿನ ಒಳಗೇ ಸೇರಿಸಿದ ಕ್ಯೂಟಿ ಲಾಂಚರ್. 2015ರ ಹೊತ್ತಿಗೆ ಜೇಮ್ಸ್ ಟರ್ನರ್ ಮುಂದಾಳತ್ವದಲ್ಲಿ ಬಂದದ್ದು, ಎಫ್‌ಜಿರನ್ ಜಾಗ ತಗೊಂಡಿತು. ನಿಜವಾಗಲೂ ಒಳ್ಳೆ ಕೆಲಸ. ಎಡಗಡೆ ವಿಮಾನ, ಜಾಗ, ಹವಾಮಾನ, ಸೆಟ್ಟಿಂಗ್ಸ್ ಅಂತ ಸಾಲಾಗಿ. ಕೆಳಗೆ ಹಾರು ಅನ್ನೋ ಒಂದು ಬಟನ್. ನಿಲ್ದಾಣ ಆರಿಸಿದರೆ ರನ್‌ವೇ, ಪಾರ್ಕಿಂಗ್ ಎಲ್ಲ ಚಿತ್ರವಾಗಿ ಕಾಣುತ್ತೆ, ಮೌಸಲ್ಲಿ ಒತ್ತಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಬಹುದು. ಸೀನರಿಯನ್ನು ಬೇಕಾದಾಗ ತಾನೇ ಇಳಿಸಿಕೊಳ್ಳುತ್ತೆ, ಸಮುದ್ರದ ಕಾಟ ಬಹುಮಟ್ಟಿಗೆ ತಪ್ಪಿದೆ. ಸಿದ್ಧವಾದ ಕಮಾಂಡ್ ಲೈನ್ ತೋರಿಸು ಅಂದರೆ ತೋರಿಸುತ್ತೆ ಕೂಡ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಪ್ರತಿ ವಿಮಾನಕ್ಕೂ ನಾಲ್ಕು ವಿಷಯದಲ್ಲಿ ಅಂಕ ಇದೆ: ಹಾರಾಟದ ಲೆಕ್ಕಾಚಾರ, ಒಳಗಿನ ವ್ಯವಸ್ಥೆಗಳು, ಕಾಕ್‌ಪಿಟ್, ಹೊರಗಿನ ಆಕಾರ. ಅರೆಬೆಂದ ವಿಮಾನಗಳನ್ನು ಅರೆಬೆಂದವು ಅಂತಲೇ ಗುರುತು ಹಾಕಿ, ಬೇಡ ಅಂದರೆ ಮರೆಮಾಡುತ್ತೆ. ತನ್ನ ಮಾಲಿನ ಬಗ್ಗೆ ತಾನೇ ಹೀಗೆ ಹೇಳಿಕೊಳ್ಳೋ ಅಂಗಡಿ ಎಲ್ಲಿದೆ ಹೇಳಿ. ಕನಕಪುರ ರೋಡಿನ ಅಪಾರ್ಟ್‌ಮೆಂಟ್ ಬ್ರೋಶರಲ್ಲಿ ನಾನಂತೂ ಕಂಡಿಲ್ಲ.

ಹಾಗಾದರೆ ತಕರಾರು ಏನು? ಅಳಿಯನ ತಕರಾರೇ ನನ್ನದೂ.

ಜಾಗ ಅನ್ನೋ ಆ ಪುಟ ಪ್ರಪಂಚವನ್ನು ಹೇಗೆ ನೋಡುತ್ತೆ ಗಮನಿಸಿ. ಅದಕ್ಕೆ ಗೊತ್ತಿರೋದು ನಿಲ್ದಾಣಗಳು, ವಿಮಾನಕ್ಕೆ ದಾರಿ ತೋರಿಸೋ ರೇಡಿಯೋ ಕಂಬಗಳು, ಅಷ್ಟೇ. ಒಂದು ಊರು ಆ ಪಟ್ಟಿಗೆ ಬರಬೇಕಾದರೆ ಅಲ್ಲಿ ರನ್‌ವೇ ಇರಬೇಕು, ಅದಕ್ಕೆ ನಾಲ್ಕಕ್ಷರದ ಕೋಡ್ ಇರಬೇಕು. ಮೈಸೂರಿಗೆ ಇದೆ: ಮಂಡಕಳ್ಳಿಯ ನಿಲ್ದಾಣದ ಕೋಡ್ ವಿಒಎಂವೈ. ಮಂಡ್ಯ ಜಿಲ್ಲೆಗೆ ಇಲ್ಲ. ಹೀಗಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ಈ ಲಾಂಚರಿನ ಪಾಲಿಗೆ ಊರುಗಳೇ ಅಲ್ಲ. ಅಗ್ಗದ ವಿಮಾನ ಟಿಕೆಟ್ ಅನ್ನೋ ಯೋಚನೆಯನ್ನೇ 2003ರಲ್ಲಿ ಈ ದೇಶಕ್ಕೆ ತಂದ ಕ್ಯಾಪ್ಟನ್ ಗೋಪಿನಾಥ್ ಹುಟ್ಟಿದ್ದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಅನ್ನೋದನ್ನ ಇಲ್ಲಿ ಸುಮ್ಮನೆ ಹೇಳಿ ಮುಂದೆ ಹೋಗ್ತೀನಿ.

ತಮಾಷೆ ಅಂದ್ರೆ, ಒಳಗಿನ ಸಿಮ್ಯುಲೇಟರಿಗೆ ಈ ಹಟ ಇಲ್ಲ. ಅದು ಭೂಮಿಯನ್ನು ಅಕ್ಷಾಂಶ ರೇಖಾಂಶದ ಚೌಕಗಳಾಗಿ ಇಟ್ಟುಕೊಂಡಿದೆ. ನಮ್ಮ ಕಡೆಯ ದೊಡ್ಡ ಫೋಲ್ಡರ್ ಹೆಸರು ಇ070ಎನ್10. ಮುಂಬೈ, ಹೈದರಾಬಾದ್, ಬೆಂಗಳೂರು ಎಲ್ಲ ಅದರೊಳಗೇ, ಚೆನ್ನೈ ಸ್ವಲ್ಪದರಲ್ಲಿ ಹೊರಗೆ. ಅದರೊಳಗೆ ಒಂದೊಂದು ಡಿಗ್ರಿಯ ಚಿಕ್ಕ ಫೋಲ್ಡರುಗಳು. ನಾನು ಹೇಳಿದ ನಾಲ್ಕೂ ತಾಲ್ಲೂಕು ಕೇಂದ್ರಗಳು ಇರೋದು ಒಂದೇ ಫೋಲ್ಡರಲ್ಲಿ: ಇ076ಎನ್12. ಮಂಡ್ಯ, ಮೈಸೂರೂ ಅದರಲ್ಲೇ. ಮದ್ದೂರು, ಮಳವಳ್ಳಿ ಮಾತ್ರ ಪಕ್ಕದ ಚೌಕಕ್ಕೆ ಹೋಗಿವೆ. ಈ ಜಿಲ್ಲಾ ವಿಭಜನೆಗೆ ಯಾವ ಸರ್ಕಾರವೂ ಕಾರಣವಲ್ಲ, 77ನೇ ರೇಖಾಂಶ. ಅಂದರೆ ಗೋದಾಮಿನಲ್ಲಿ ನಮ್ಮೂರಿದೆ, ಕೌಂಟರಿನಲ್ಲಿ ಕೇಳಿದರೆ ಇಲ್ಲ ಅಂತಾರೆ.

ಒಂದು ಹಿಂಬಾಗಿಲಿದೆ. ಹುಡುಕುವ ಡಬ್ಬಿಯಲ್ಲಿ ಹೆಸರಿನ ಬದಲು ಅಕ್ಷಾಂಶ ರೇಖಾಂಶ ಬರೆದರೆ ಲಾಂಚರ್ ಒಪ್ಪಿಕೊಳ್ಳುತ್ತೆ. ಕೆಆರ್‌ಎಸ್ ಅಣೆಕಟ್ಟೆಗೆ ಉತ್ತರ 12.42, ಪೂರ್ವ 76.57. ಜೊತೆಗೆ ಎತ್ತರ ಮತ್ತು ವೇಗ ಕೊಡಬೇಕು. ಎತ್ತರ ಅಡಿಗಳಲ್ಲಿ. ನಮ್ಮ ಜಿಲ್ಲೆಯವರಿಗೆ ಅಡಿ ಲೆಕ್ಕ ಹೊಸದಲ್ಲ, ಕಟ್ಟೆ ತುಂಬಿತು ಅಂದರೆ 124.80 ಅಡಿ ಅಂತ ಮಲಗಿದ್ದವರೂ ಹೇಳ್ತಾರೆ. ಆದರೆ ವಿಮಾನದ ಅಡಿ ಸಮುದ್ರ ಮಟ್ಟದಿಂದ ಎಣಿಸೋದು, ಮತ್ತು ನಮ್ಮ ನೆಲವೇ ಸುಮಾರು ಎರಡೂವರೆ ಸಾವಿರ ಅಡಿ ಮೇಲಿದೆ. ಸ್ಯಾನ್ ಫ್ರಾನ್ಸಿಸ್ಕೋದವನು ಸಾವಿರ ಅಂತ ಹಾಕಿದರೆ ಆಕಾಶದಲ್ಲಿರ್ತಾನೆ; ನಾವು ಸಾವಿರ ಅಂತ ಹಾಕಿದರೆ ಮಣ್ಣೊಳಗಿಂದ ಹಾರಲು ಹೊರಟ ಹಾಗೆ. ಈ ಡಬ್ಬಿಗಳನ್ನು ಯಾರ ನೆಲ ಮನಸ್ಸಲ್ಲಿಟ್ಟುಕೊಂಡು ಕಟ್ಟಿದರು ಅನ್ನೋದು ಇಂಥ ಕಡೆ ಗೊತ್ತಾಗೋದು. ನಮ್ಮ ಆಫೀಸಿನ ಪ್ರಾಡಕ್ಟುಗಳಲ್ಲೂ ಅಷ್ಟೇ. ಫಾರಂನಲ್ಲಿ ಸರ್‌ನೇಮ್ ಕಡ್ಡಾಯ ಮಾಡಿ, ಇನಿಶಿಯಲ್ ಇಟ್ಕೊಂಡಿರೋ ಅರ್ಧ ಕರ್ನಾಟಕವನ್ನ ಎರರ್ ಮೆಸೇಜಿಗೆ ತಳ್ಳಿದ ಕೋಡನ್ನ ನಾನೇ ಒಮ್ಮೆ ರಿವ್ಯೂ ಮಾಡಿ ಪಾಸ್ ಮಾಡಿದ್ದೀನಿ.

ರಜೆ ಮುಗಿಸಿ ಬಂದ ಮೇಲೆ ಹಟಕ್ಕೆ ಬಿದ್ದು ನಾನೇ ಒಂದು ಪುಟ್ಟ ಲಾಂಚರ್ ಬರೆಯೋಕೆ ಕೂತೆ. ಕನ್ನಡದಲ್ಲಿ. ಅದರಲ್ಲಿ ಇರೋದು ನಾಲ್ಕೇ ಬಟನ್, ನಾಲ್ಕು ಊರಿಗೆ. ಒತ್ತಿದರೆ ಆಯಾ ಊರಿನ ಮೇಲೆ ನಾಲ್ಕು ಸಾವಿರ ಅಡಿಯಲ್ಲಿ ವಿಮಾನ. ಹಿಂದಿನಿಂದ ಹೋಗೋದು ಅದೇ ಎಫ್‌ಜಿಎಫ್‌ಎಸ್ ಸಾಲು. ಒಂದು ಭಾನುವಾರದ ಕೆಲಸ ಅಂದ್ಕೊಂಡಿದ್ದೆ. ಮೂರು ವಾರ ತಿಂತು.

ಕ್ರಾಸ್-ಪ್ಲಾಟ್‌ಫಾರ್ಮ್ ಅನ್ನೋ ಪದವನ್ನ ನಾವು ರೆಸ್ಯೂಮೆಯಲ್ಲಿ ಸುಲಭವಾಗಿ ಬರೀತೀವಿ. ಸೆಟ್ಟಿಂಗ್ ಇಡೋ ಜಾಗವೇ ಮೂರು ಕಡೆ ಮೂರು ಥರ. ವಿಂಡೋಸಲ್ಲಿ ಆಪ್‌ಡೇಟಾ ಒಳಗೆ, ಲಿನಕ್ಸಲ್ಲಿ ಮನೆ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗೋ ಅಡಗಿದ ಫೋಲ್ಡರಲ್ಲಿ, ಮ್ಯಾಕಲ್ಲಿ ಲೈಬ್ರರಿಯ ಅಪ್ಲಿಕೇಶನ್ ಸಪೋರ್ಟ್ ಒಳಗೆ. ಫೋಲ್ಡರ್ ಹೆಸರಲ್ಲಿ ಜಾಗ ಬಿಟ್ಟಿದ್ದರೆ ಕಮಾಂಡ್ ಎರಡು ತುಂಡಾಗುತ್ತೆ. ಇವೆಲ್ಲ ಸಣ್ಣ ತಲೆನೋವು. ದೊಡ್ಡದು ಬಂದದ್ದು ನಾನು ಎಣಿಸದ ಕಡೆಯಿಂದ.

ಪೈಥಾನ್ ಜೊತೆ ಪುಕ್ಕಟೆ ಬರುತ್ತಲ್ಲ ಅಂತ ಟಿಕೆ ಬಳಸಿದ್ದೆ. ವಿಂಡೋಸಲ್ಲಿ ಕನ್ನಡ ಚೆನ್ನಾಗೇ ಬಂತು. ನನ್ನ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಅದೇ ಪ್ರೋಗ್ರಾಂ ಓಡಿಸಿದರೆ ಬಟನ್ ಮೇಲೆ ಕಂಡದ್ದು "ಶ್‌ರೀರಂಗಪಟ್‌ಟಣ". ಅದರ ಕೆಳಗೆ "ಕೃಷ್‌ಣರಾಜಪೇಟೆ". ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು ಬೀದಿಗೆ ಬಿದ್ದಿದ್ದವು. ಲಿನಕ್ಸಿನ ಟಿಕೆಗೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡೋಕೆ ಬರುತ್ತೆ, ಒಂದರ ಕೆಳಗೊಂದು ಕೂಡಿಸೋಕೆ ಬರಲ್ಲ. ಪಾಂಡವಪುರ, ನಾಗಮಂಗಲ ಮಾತ್ರ ಪಾರಾದವು, ಯಾಕಂದ್ರೆ ಆ ಎರಡು ಹೆಸರಲ್ಲಿ ಒತ್ತೇ ಇಲ್ಲ! ನಾಲ್ಕರಲ್ಲಿ ಎರಡು ಊರು ಉಳಿದವು, ಕಾಗುಣಿತದ ಪುಣ್ಯದಿಂದ.

ಆಗ ಅರ್ಥ ಆದದ್ದು, ಫ್ಲೈಟ್‌ಗೇರಿನವರು ಕ್ಯೂಟಿ ಆರಿಸಿದ್ದರ ಬೆಲೆ. ಕ್ಯೂಟಿ ಒಳಗೆ ಹಾರ್ಫ್‌ಬಝ್ ಅನ್ನೋ ಲೈಬ್ರರಿ ಕೂತಿದೆ, ಅದಕ್ಕೆ ಒತ್ತಕ್ಷರ ಗೊತ್ತು. ಮೂರೂ ಕಡೆ ಕನ್ನಡ ಒಂದೇ ಥರ ನಿಲ್ಲುತ್ತೆ. ನಾನು ಬೈದುಕೊಂಡು ಹೊರಟ ಲಾಂಚರೇ ಕನ್ನಡಕ್ಕೆ ಹೆಚ್ಚು ಸಿದ್ಧವಾಗಿತ್ತು, ನನ್ನದಕ್ಕಿಂತ. ಅನುವಾದಕ್ಕೆ ಬೇಕಾದ ಫೈಲುಗಳ ವ್ಯವಸ್ಥೆಯೂ ಅಲ್ಲಿದೆ. ಜರ್ಮನ್, ಫ್ರೆಂಚ್, ಇಟಾಲಿಯನ್ ಇವೆಲ್ಲ ಕಂಡವು. ನಾನು ನೋಡಿದ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಇರಲಿಲ್ಲ ಅಂದ್ರೆ ಯಾರೂ ತಡೆದಿಲ್ಲ, ಯಾರೂ ಬರೆದಿಲ್ಲ, ಅಷ್ಟೇ. ನಾನೂ ಬರೆದಿಲ್ಲ.

ಹಾಗಂತ ಬರೆದರೂ ಕಥೆ ಮುಗಿಯಲ್ಲ. ಲಾಂಚರ್ ದಾಟಿ ಒಳಗೆ ಹೋದರೆ ಸಿಗೋ ಹಳೆಯ ಮೆನುಗಳು ಪಿಯುಐ ಅನ್ನೋ ಬೇರೆಯೇ ಕಾಲದ ಲೈಬ್ರರಿಯಲ್ಲಿ ಮಾಡಿದವು. ಅದರ ಅಕ್ಷರಗಳು ಲ್ಯಾಟಿನ್ ಲಿಪಿಯ ಅಳತೆಗೆ ಹೊಲಿದವು. ಬಾಗಿಲ ಮೇಲೆ ಕನ್ನಡ ಬೋರ್ಡ್, ಒಳಗೆ ಹೋದರೆ ಬೇರೆ ಭಾಷೆ. ಬೆಂಗಳೂರಲ್ಲಿರೋ ನಮಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ.

ನೆಲದ ವಿಷಯಕ್ಕೆ ಬರ್ತೀನಿ, ಅಲ್ಲೇ ನನಗೆ ಹೆಚ್ಚು ಹೊಟ್ಟೆ ಉರಿದದ್ದು. ನನ್ನ ಲಾಂಚರಿಂದ ಕೆ.ಆರ್.ಪೇಟೆ ಬಟನ್ ಒತ್ತಿ ನಮ್ಮೂರ ಕೆರೆ ಹುಡುಕಿದೆ. ಇರಲಿಲ್ಲ. ಮೇಲುಕೋಟೆ ಬೆಟ್ಟ ಇತ್ತು, ಅದರ ಏರಿಳಿತ ಎಲ್ಲ ನಂಬೋ ಹಾಗೇ ಇತ್ತು. ಬೆಟ್ಟ ಇದೆ, ಕೆರೆ ಇಲ್ಲ, ಹೇಗೆ? ಬೆಟ್ಟದ ಎತ್ತರ ಬಂದದ್ದು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಾಕಿ ಅಳೆದ ದತ್ತಾಂಶದಿಂದ. ಸುಮಾರು 90 ಮೀಟರಿಗೊಂದು ಅಳತೆ. ನೆಲದ ಹೊದಿಕೆ, ಅಂದರೆ ಕಾಡು ಎಲ್ಲಿ, ಹೊಲ ಎಲ್ಲಿ, ನೀರು ಎಲ್ಲಿ ಅನ್ನೋದು ಪ್ರಪಂಚದ ಬಹಳ ಕಡೆಗೆ ಬಂದದ್ದು ಅಮೆರಿಕದ ಮಿಲಿಟರಿ ನಕ್ಷೆಯಿಂದ, ವಿಮ್ಯಾಪ್0 ಅಂತ. ಅದರ ಅಳತೆ ಹತ್ತು ಲಕ್ಷಕ್ಕೆ ಒಂದು. ನೆಲದ ಮೇಲಿನ ಒಂದು ಕಿಲೋಮೀಟರ್ ನಕ್ಷೆಯಲ್ಲಿ ಒಂದು ಮಿಲಿಮೀಟರ್. ನಮ್ಮೂರ ಕೆರೆ ಆ ಲೆಕ್ಕದಲ್ಲಿ ಪೆನ್ಸಿಲ್ ಮೊನೆ ತಾಗಿದ ಚುಕ್ಕೆಗಿಂತ ಚಿಕ್ಕದು. ರಾಡಾರಿಗೆ ಎಲ್ಲ ಬೆಟ್ಟವೂ ಒಂದೇ, ಅದು ಯಾರೂರಿನದು ಅಂತ ಕೇಳಲ್ಲ. ನಕ್ಷೆ ಬರೆಯೋನು ಕೇಳ್ತಾನೆ.

ಇದಕ್ಕೆ ಮದ್ದು ಇದೆ, ಓಪನ್‌ಸ್ಟ್ರೀಟ್‌ಮ್ಯಾಪ್. ಅದರ ದತ್ತಾಂಶದಿಂದ ಕಟ್ಟಡ, ರಸ್ತೆ ಎಬ್ಬಿಸಿ ಫ್ಲೈಟ್‌ಗೇರಿಗೆ ಹಾಕೋ ಓಎಸ್‌ಎಂ2ಸಿಟಿ ಅನ್ನೋ ಸಾಧನವೂ ಇದೆ. ಆದರೆ ಅದನ್ನ ಓಡಿಸೋದು ಮತ್ತೆ ಕಮಾಂಡ್ ಲೈನಿಂದ. ಮರದ ಕೆಳಗಿನವರು ಇನ್ನೂ ಅದಕ್ಕೆ ಅರ್ಜಿ ಬರೆಯೋದು ಕಲಿತಿಲ್ಲ.

"ಇಷ್ಟೆಲ್ಲ ಯಾಕೆ ಒದ್ದಾಡ್ತೀಯ, ಮೈಕ್ರೋಸಾಫ್ಟಿಂದು ತಗೋ" ಅಂದರು ನನ್ನ ಟೀಮಿನ ಒಬ್ಬರು. 2020ರಲ್ಲಿ ಬಂದ ಅವರ ಸಿಮ್ಯುಲೇಟರಲ್ಲಿ ಗೋಳದ ಮೇಲೆ ಎಲ್ಲಿ ಬೇಕಾದರೂ ಒತ್ತಿ ಹೊರಡಬಹುದು, ನಿಲ್ದಾಣವೇ ಬೇಕು ಅನ್ನೋ ಹಟ ಇಲ್ಲ. ಬಿಂಗ್ ನಕ್ಷೆಯ ಉಪಗ್ರಹ ಚಿತ್ರಗಳು ಓಡುತ್ತಿರುವಾಗಲೇ ಇಂಟರ್‌ನೆಟ್ಟಿಂದ ಇಳೀತಾ ಇರ್ತಾವೆ. ನಮ್ಮೂರ ಕೆರೆ ಅದರಲ್ಲಿ ಕಾಣುತ್ತೆ ಅಂತ ನನಗೂ ಗೊತ್ತು. ಜಾಗ ಅಂದರೆ ಏನು ಅನ್ನೋ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಫ್ಲೈಟ್‌ಗೇರ್ ಕೊಟ್ಟದ್ದಕ್ಕಿಂತ ಉದಾರವಾದದ್ದು, ಒಪ್ಪಲೇಬೇಕು. ಆದರೆ ಕೆರೆ ತಪ್ಪಾಗಿದ್ದರೆ ನಾನದನ್ನ ತಿದ್ದೋಕಾಗಲ್ಲ. ಅಕ್ಕನ ಮನೆಯ ನೆಟ್ಟಲ್ಲಿ, ಅಳಿಯನ ಶಾಲೆಯ ಕಂಪ್ಯೂಟರಲ್ಲಿ ಅದು ಬಾಗಿಲೂ ತೆಗೆಯಲ್ಲ. ಫ್ಲೈಟ್‌ಗೇರಿನ ಡೇಟಾ ಫೋಲ್ಡರನ್ನ ಒಂದು ಪೆನ್‌ಡ್ರೈವಲ್ಲಿ ತಗೊಂಡು ಹೋದರೆ ಸಾಕು. ಇ076ಎನ್12 ಅದರಲ್ಲಿ ಒಂದು ಮೂಲೆ.

ದೀಪಾವಳಿಗೆ ಹಾಗೇ ತಗೊಂಡು ಹೋದೆ. ನನ್ನ ನಾಲ್ಕು ಬಟನ್ನಿನ ಲಾಂಚರನ್ನ ಅಳಿಯ ಎರಡು ನಿಮಿಷ ನೋಡಿದ. ನಾಲ್ಕೂ ಒತ್ತಿದ. "ಮೇಲಿಂದ ಬಿಟ್ಬುಟ್ರೆ ಏನ್ ಮಜಾ ಮಾವ, ಟೇಕಾಫೇ ಇಲ್ಲ" ಅಂದ. ದೊಡ್ಡ ಲಾಂಚರ್ ತೆಗೆದು, ನಾನು ಹಿಂದೆ ಹೇಳಿದ್ದ ವಿಒಎಂವೈ ನೆನಪಿಟ್ಟುಕೊಂಡು ಟೈಪ್ ಮಾಡಿದ. ಮಂಡಕಳ್ಳಿಯ ರನ್‌ವೇ ಪೂರ್ವ ಪಶ್ಚಿಮಕ್ಕಿದೆ. ಪೂರ್ವಕ್ಕೆ ಏರಿ, ಎಡಕ್ಕೆ ತಿರುಗಿ ಉತ್ತರಕ್ಕೆ ಹೋದರೆ ಇಪ್ಪತ್ತು ಕಿಲೋಮೀಟರಿಗೆ ಶ್ರೀರಂಗಪಟ್ಟಣ, ಸೆಸ್ನಾದಲ್ಲಿ ಏಳೆಂಟು ನಿಮಿಷ. ಬೇಗ ತಿರುಗಿದ. ಎದುರಿಗೆ ಚಾಮುಂಡಿ ಬೆಟ್ಟ. ರಾಡಾರಲ್ಲಿ ಅಳೆದ ಅಸಲಿ ಬೆಟ್ಟ, ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರಕ್ಕೆ. ಹೋಗಿ ಗುದ್ದಿದ.

"ದೇವಸ್ಥಾನನೇ ಕಾಣ್ನಿಲ್ವಲ್ಲ ಮಾವ" ಅಂದ. ಮೂರನೇ ಸಲಕ್ಕೆ ಬೆಟ್ಟದ ಬಲಗಡೆಯಿಂದ ದಾಟಿಕೊಂಡು ಹೋದ. ಹೊಳೆ ಕಂಡಿತು, ಕೋಟೆ ಕಾಣಲಿಲ್ಲ. ಅಲ್ಲಿಂದ ಕುಂತಿಬೆಟ್ಟ ಯಾವ ಕಡೆ ಅಂತ ನನ್ನ ಕೇಳದೇ ತಿರುಗಿಸಿದ, ಮನೆ ಆ ದಿಕ್ಕಿಗೇ ಅಂತ ಅವನಿಗೆ ಗೊತ್ತಿತ್ತು. ಅಕ್ಕ ಒಳಗಿನಿಂದ ಊಟಕ್ಕೆ ಕರೀತಾ ಇದ್ದಳು. ಅವನು ಸಿಮ್ಯುಲೇಟರನ್ನ ನಿಲ್ಲಿಸಿ, ಲಾಂಚರಿನ ಹುಡುಕುವ ಡಬ್ಬಿಯಲ್ಲಿ ಪಾಂಡವಪುರ ಅಂತ ಇನ್ನೊಂದು ಸಲ ಟೈಪ್ ಮಾಡಿ ನೋಡಿ, ಮುಚ್ಚಿಟ್ಟು ಎದ್ದ.